ಕಾಲು ಮಿಲಿಮೀಟರಿನ ಗುಟ್ಟು

ತುಮಕೂರಿನ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ವಯಸ್ಸು 55. ಕಾರ್ಖಾನೆಯೊಂದರ ತರಬೇತಿ ವಿಭಾಗದಲ್ಲಿದ್ದಾರೆ. ನಿವೃತ್ತಿಗೆ ಇನ್ನು ಮೂರು ವರ್ಷ. ಈಗ ಮಸ್ಕತ್‌ನ ಕಂಪನಿಯೊಂದು ಎರಡು ವರ್ಷದ ಮಟ್ಟಿಗೆ ತರಬೇತುದಾರರಾಗಿ ಬನ್ನಿ ಎಂದು ಕರೆದಿದೆಯಂತೆ. ಹೆಂಡತಿ ‘ಈ ವಯಸ್ಸಿನಲ್ಲಿ ಯಾಕೆ ಬೇಕು’ ಎನ್ನುತ್ತಾರೆ. ಮಗ ‘ಹೋಗಿ ಅಪ್ಪಾ, ಮನೆ ಸಾಲ ತೀರುತ್ತದೆ’ ಎನ್ನುತ್ತಾನೆ. ‘ನೀವು ಹೋಗಿ ಬಂದವರು. ಹೋಗಲೋ ಬೇಡವೋ, ಒಂದೇ ಮಾತಿನಲ್ಲಿ ತಿಳಿಸಿ’ ಎಂದು ಕೊನೆಗೆ ಕೇಳಿದ್ದಾರೆ.

ಒಂದೇ ಮಾತಿನಲ್ಲಿ ಹೇಳುವುದು ನನ್ನಿಂದಾಗದ ಕೆಲಸ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಅದೂ ಅಲ್ಲದೆ, ಈ ಪ್ರಶ್ನೆಗೆ ಉತ್ತರ ಹೇಳಬೇಕೆಂದರೆ ನಾನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳದ ಒಂದು ಸಂಗತಿಯನ್ನು ಹೇಳಬೇಕಾಗುತ್ತದೆ. ಇರಲಿ, ಹೇಳಿಬಿಡುತ್ತೇನೆ.

ನಾನು ಒಮಾನ್‌ಗೆ ಹೋದದ್ದು 2006ರ ಸೆಪ್ಟೆಂಬರ್‌ನಲ್ಲಿ. ಆಗ ನನಗೆ 54. ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದಕ್ಕೆ 1970ರಲ್ಲಿ ಅಪ್ರೆಂಟಿಸ್ ಆಗಿ ಸೇರಿದವನು, ಕೊನೆಯ ಹದಿನೈದು ವರ್ಷ ಅಲ್ಲಿಯ ತರಬೇತಿ ಶಾಲೆಯಲ್ಲಿ ಹುಡುಗರಿಗೆ ಅರ ಹಿಡಿಯುವುದನ್ನೂ ಬೇರಿಂಗ್ ಕೂರಿಸುವುದನ್ನೂ ಕಲಿಸಿ, ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿದ್ದೆ. ನಿವೃತ್ತಿಯಿಂದ ಬಂದ ಹಣದಲ್ಲಿ ಒಂದು ಪಾಲು ಮನೆ ಸಾಲಕ್ಕೆ, ಇನ್ನೊಂದು ಪಾಲು ದೊಡ್ಡ ಮಗಳ ಮದುವೆಗೆ ಹೋಗಿತ್ತು. ಚಿಕ್ಕವಳ ಎಂಜಿನಿಯರಿಂಗ್ ಓದು ಇನ್ನೂ ಬಾಕಿ. ಅಂಥ ಹೊತ್ತಿನಲ್ಲಿ ಮಸ್ಕತ್ ಹೊರವಲಯದ ಒಂದು ಎಣ್ಣೆ-ಸಾಬೂನು ಕಾರ್ಖಾನೆಯಿಂದ ಕರೆ ಬಂತು. ಯಂತ್ರ ದುರಸ್ತಿ ವಿಭಾಗಕ್ಕೆ ತರಬೇತುದಾರ, ಎರಡು ವರ್ಷದ ಕರಾರು, ಇರಲು ಮನೆ, ವರ್ಷಕ್ಕೊಮ್ಮೆ ಊರಿಗೆ ಬರಲು ಟಿಕೆಟ್. ಮನೆಯಲ್ಲಿ ಹಬ್ಬ ಎನ್ನಿ.

ಕೆಲಸ ಏನು ಎಂದು ನಾನು ಸರಿಯಾಗಿ ಕೇಳಿಕೊಂಡಿರಲಿಲ್ಲ. ‘ಕಲಿಸುವುದು’ ಎಂದು ತಿಳಿದುಕೊಂಡಿದ್ದೆ. ಅದು ಅರ್ಧ ಸತ್ಯ. ಇನ್ನರ್ಧ ಅಲ್ಲಿಗೆ ಹೋದ ಮೇಲೆ ತಿಳಿಯಿತು.

ಒಮಾನ್ ದೇಶದ ಕಥೆ ಸ್ವಲ್ಪ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಸುಲ್ತಾನ್ ಖಾಬೂಸ್ 1970ರಲ್ಲಿ ಪಟ್ಟಕ್ಕೆ ಬಂದಾಗ ಇಡೀ ದೇಶದಲ್ಲಿ ಇದ್ದದ್ದು ಮೂರು ಶಾಲೆ, ಸುಮಾರು ಒಂಬೈನೂರು ವಿದ್ಯಾರ್ಥಿಗಳು, ಅಷ್ಟೂ ಗಂಡುಮಕ್ಕಳು. ಡಾಂಬರು ರಸ್ತೆ ಹತ್ತು ಕಿಲೋಮೀಟರ್. ಎಣ್ಣೆಯ ಹಣ ಬಂದಾಗ ರಸ್ತೆ, ಬಂದರು, ಆಸ್ಪತ್ರೆ, ಕಾರ್ಖಾನೆ ಎಲ್ಲವನ್ನೂ ಒಟ್ಟಿಗೇ ಕಟ್ಟಬೇಕಾಯಿತು. ಕಟ್ಟುವ ಕೈ ಊರಿನಲ್ಲಿರಲಿಲ್ಲ. ಭಾರತದಿಂದ, ಪಾಕಿಸ್ತಾನದಿಂದ, ಬಾಂಗ್ಲಾದೇಶದಿಂದ ಕೈಗಳು ಬಂದವು. ಶಾಲೆಗಳು ಹೆಚ್ಚಿದವು, 1986ರಲ್ಲಿ ವಿಶ್ವವಿದ್ಯಾಲಯವೂ ಬಾಗಿಲು ತೆರೆಯಿತು. ಓದಿದ ಹುಡುಗರು ಹೊರಗೆ ಬಂದು ನೋಡಿದರೆ ಕೆಲಸದ ಜಾಗಗಳಲ್ಲೆಲ್ಲ ಆಗಲೇ ಹೊರದೇಶದವರು ಕೂತಿದ್ದರು. ಅದಕ್ಕೇ ಸರ್ಕಾರ ‘ಒಮಾನೀಕರಣ’ ಎಂಬ ನೀತಿ ತಂದಿತು. 1994ರಲ್ಲಿ ಒಂದೊಂದು ಉದ್ಯಮಕ್ಕೂ ಇಷ್ಟು ಪಾಲು ಒಮಾನಿಗಳಿರಬೇಕು ಎಂದು ಗೊತ್ತುಮಾಡಿದರು. ಕೈಗಾರಿಕೆಗೆ ನೂರಕ್ಕೆ 35. ಈ ಲೆಕ್ಕ ತುಂಬದ ಕಂಪನಿಗೆ ಹೊರಗಿನಿಂದ ಜನ ಕರೆಸಲು ವೀಸಾ ಸಿಗುವುದು ಕಷ್ಟ.

ಹೀಗಾಗಿ ನನ್ನಂಥವರನ್ನು ಕರೆಸಿಕೊಂಡರು. ನಾನು ಕಲಿಸಬೇಕಾದ ಹನ್ನೆರಡು ಹುಡುಗರು ಕಲಿತ ಮೇಲೆ ಯಾರ ಜಾಗಕ್ಕೆ ಹೋಗುತ್ತಾರೆ? ಅಲ್ಲಿ ಹದಿನೈದು-ಇಪ್ಪತ್ತು ವರ್ಷದಿಂದ ದುಡಿಯುತ್ತಿರುವ ನಮ್ಮವರ ಜಾಗಕ್ಕೆ. ಹುಡುಗರಲ್ಲೊಬ್ಬ ಮುಂದೊಂದು ದಿನ ನನ್ನ ಜಾಗಕ್ಕೂ ಬರಬೇಕು. ಅಂದರೆ ನಾನು ಕೆಲಸ ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಬೇಗ ನಮ್ಮವರೂ ನಾನೂ ಗಂಟುಮೂಟೆ ಕಟ್ಟಬೇಕು. ಇದು ಕೆಲಸದ ಇನ್ನರ್ಧ.

ಇದನ್ನು ಅನ್ಯಾಯ ಎಂದು ನಾನು ಆಗಲೂ ಅಂದುಕೊಳ್ಳಲಿಲ್ಲ, ಈಗಲೂ ಅನ್ನುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಆರಂಭವಾದದ್ದು ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ. ಅದೇ ಎಚ್‌ಎಂಟಿ 1961ರಲ್ಲಿ ಕೈಗಡಿಯಾರಕ್ಕೆ ಕೈಹಾಕಿದಾಗ ಹೇಳಿಕೊಟ್ಟವರು ಜಪಾನಿನ ಸಿಟಿಜನ್ ಕಂಪನಿಯವರು. ಅವರು ಹೇಳಿಕೊಟ್ಟರು, ನಮ್ಮವರು ಕಲಿತರು, ಅವರು ಹೋದರು. ಅವರು ಇಲ್ಲೇ ಕೂತಿರಬೇಕಿತ್ತು ಎಂದು ನಾವ್ಯಾರಾದರೂ ಹೇಳುತ್ತೇವೆಯೇ? ಬೇರೆಯವರು ನಮಗೆ ಬಿಟ್ಟುಕೊಟ್ಟು ಹೋದದ್ದನ್ನು ನಾವು ಬೇರೆಯವರಿಗೆ ಬಿಟ್ಟುಕೊಡುವಾಗ ಮಾತ್ರ ಹೊಟ್ಟೆಯಲ್ಲಿ ಸಂಕಟವಾದರೆ ಅದು ನ್ಯಾಯವಲ್ಲ. ತತ್ವ ಇಷ್ಟು ಸರಳ. ಆದರೆ ತತ್ವಕ್ಕೆ ಹೆಂಡತಿ ಮಕ್ಕಳು ಇರುವುದಿಲ್ಲ, ಫಿಟ್ಟರ್‌ಗಳಿಗೆ ಇರುತ್ತಾರೆ.

* * *

ನನ್ನ ಮೊದಲ ತರಗತಿಯೇ ಎಡವಟ್ಟು. ಸೆಪ್ಟೆಂಬರ್ ಕೊನೆಯ ವಾರ, ರಂಜಾನ್ ಆರಂಭವಾಗಿತ್ತು. ಹುಡುಗರು ಬೆಳಗಿನಿಂದ ಒಂದು ಹನಿ ನೀರು ಕುಡಿಯದೆ ಕೂತಿದ್ದರು. ನಾನು ಮಾತಾಡಿ ಗಂಟಲು ಒಣಗಿತೆಂದು ಮೇಜಿನ ಮೇಲಿದ್ದ ಬಾಟಲಿ ಎತ್ತಿ ಗಟಗಟ ಕುಡಿದುಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಕೊನೆಯ ಸಾಲಿನ ಹುಡುಗನೊಬ್ಬ ಎದ್ದು ಬಾಗಿಲು ಹಾಕಿ ಬಂದು ಕೂತ. ಹೊರಗಿನವರು ನೋಡಿದರೆ ನನಗೆ ತೊಂದರೆಯಾದೀತೆಂದು ಹಾಗೆ ಮಾಡಿದ ಎಂಬುದು ಆಮೇಲೆ ತಿಳಿಯಿತು. ಅಲ್ಲಿಂದ ಮುಂದೆ ಆ ತಿಂಗಳು ಪೂರ್ತಿ ನಾನೂ ತರಗತಿಯಲ್ಲಿ ನೀರು ಮುಟ್ಟಲಿಲ್ಲ.

‘ಈ ಹುಡುಗರು ಕಲಿಯುವುದಿಲ್ಲ ಸಾರ್, ಸುಮ್ಮನೆ ಹಾಜರಿ ಹಾಕಲು ಬರುತ್ತಾರೆ’ ಎಂದು ನಮ್ಮವರು ಮೊದಲ ವಾರವೇ ನನ್ನ ಕಿವಿ ಊದಿದ್ದರು. ಇದೇ ಮಾತನ್ನು ನಾನು ಬೆಂಗಳೂರಿನಲ್ಲಿ ನಮ್ಮ ಅಪ್ರೆಂಟಿಸ್‌ಗಳ ಬಗ್ಗೆಯೂ ಕೇಳಿದ್ದೆ. 1970ರಲ್ಲಿ ನಮ್ಮ ಬಗ್ಗೆಯೂ ಹಿರಿಯರು ಹೀಗೇ ಹೇಳುತ್ತಿದ್ದರು. ಆ ಹನ್ನೆರಡು ಜನರಲ್ಲಿ ಕೆಲವರ ಮನೆಮಾತು ಬಲೂಚಿ, ಇಬ್ಬರದು ಸ್ವಾಹಿಲಿ, ಉಳಿದವರದು ಅರಬ್ಬಿ. ಪಾಠ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷ್ ಕಾರ್ಖಾನೆಯ ಇಂಗ್ಲಿಷ್, ಅವರದು ಶಾಲೆಯ ಇಂಗ್ಲಿಷ್. ಎರಡೂ ಒಂದನ್ನೊಂದು ನೋಡಿ ಪಿಳಿಪಿಳಿ ಕಣ್ಣು ಬಿಡುತ್ತಿದ್ದವು. ಕಲಿಯುವುದಿಲ್ಲ ಎಂದರೆ ಅದರಲ್ಲಿ ಹುಡುಗರ ತಪ್ಪು ಎಷ್ಟು, ಹೇಳಿಕೊಡುವವನ ತಪ್ಪು ಎಷ್ಟು?

ನಮ್ಮ ತರಬೇತಿ ಕಸುಬಿನಲ್ಲಿ ಒಂದು ಹಳೆಯ ಪದ್ಧತಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 45ರವರೆಗೆ, ಅಮೆರಿಕದಲ್ಲಿ ಹೊಸಬರನ್ನು ಬೇಗ ತಯಾರು ಮಾಡಬೇಕಾಗಿ ಬಂದಾಗ ಬಳಕೆಗೆ ತಂದದ್ದು. ನಾಲ್ಕೇ ಮೆಟ್ಟಿಲು. ಮೊದಲು ಕಲಿಯುವವನ ಹೆದರಿಕೆ ಬಿಡಿಸಿ ಅವನಿಗೆ ಎಷ್ಟು ಗೊತ್ತು ಎಂದು ತಿಳಿದುಕೊ. ಆಮೇಲೆ ಕೆಲಸವನ್ನು ಮಾಡಿ ತೋರಿಸು, ಒಂದೊಂದು ಹೆಜ್ಜೆಯ ಕಾರಣವನ್ನೂ ಹೇಳು. ಮೂರನೆಯದು, ಅವನ ಕೈಯಿಂದ ಮಾಡಿಸು, ಮಾಡುತ್ತಲೇ ಬಾಯಿಬಿಟ್ಟು ಹೇಳಿಸು. ನಾಲ್ಕನೆಯದು, ಅವನನ್ನು ಒಂಟಿಯಾಗಿ ಬಿಡು, ಆಗಾಗ ಹೋಗಿ ನೋಡು. ಕಲಿಯುವವನಿಗೆ ಬರಲಿಲ್ಲ ಎಂದರೆ ಕಲಿಸುವವನು ಕಲಿಸಿಲ್ಲ ಎಂದೇ ಅರ್ಥ ಎಂಬುದು ಆ ಪದ್ಧತಿಯ ಬುನಾದಿ.

ನಾನು ಪುಸ್ತಕ ಮುಚ್ಚಿ ಹುಡುಗರನ್ನು ಪಂಪುಮನೆಗೆ ಕರೆದುಕೊಂಡು ಹೋದೆ. ಮೂರು ತಿಂಗಳಲ್ಲಿ ಅವರ ಕೈ ಕುದುರಿತು. ಆದರೆ ಒಂದು ಜಾಗದಲ್ಲಿ ಮಾತ್ರ ಗಾಡಿ ನಿಂತುಬಿಡುತ್ತಿತ್ತು.

* * *

ಆ ಜಾಗ ಯಾವುದೆಂದರೆ ಬಿಸಿ ಎಣ್ಣೆಯ ಪಂಪು. ಅಡಿಗೆ ಮನೆಯ ಉದಾಹರಣೆ ಕೊಟ್ಟು ವಿವರಿಸಲು ನೋಡುತ್ತೇನೆ. ಪಂಪು ಬೇರೆ, ಅದನ್ನು ತಿರುಗಿಸುವ ಮೋಟಾರು ಬೇರೆ. ಎರಡರ ದಂಡಗಳನ್ನೂ ಎದುರುಬದುರು ನಿಲ್ಲಿಸಿ ನಡುವೆ ಒಂದು ಕಪ್ಲಿಂಗ್ ಹಾಕಿ ಜೋಡಿಸುತ್ತಾರೆ. ದಂಡಗಳು ಒಂದೇ ಸಾಲಿನಲ್ಲಿರಬೇಕು. ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಅದುರುತ್ತದೆ, ರಬ್ಬರು ಪುಡಿಯಾಗುತ್ತದೆ, ಬೇರಿಂಗ್ ಕಾಯುತ್ತದೆ. ನನ್ನ ಹುಡುಗರು ಡಯಲ್ ಗೇಜು ಇಟ್ಟು ಸೊನ್ನೆಗೆ ಸೊನ್ನೆ ಕೂರಿಸುತ್ತಿದ್ದರು. ನಾನೂ ಪರೀಕ್ಷಿಸಿ ಭೇಷ್ ಎನ್ನುತ್ತಿದ್ದೆ. ಎರಡು ವಾರದಲ್ಲಿ ಕಪ್ಲಿಂಗ್ ಚೂರು. ಅದೇ ಪಂಪನ್ನು ಅಲ್ಲಿಯ ಹಿರಿಯ ಫಿಟ್ಟರ್ ಕೂರಿಸಿದರೆ ವರ್ಷವಾದರೂ ಸದ್ದಿಲ್ಲ.

ಆ ಹಿರಿಯ ಫಿಟ್ಟರ್ ನಮ್ಮವರೇ, ಕುಂದಾಪುರದ ಕಡೆಯವರು. 1988ರಲ್ಲಿ ಬಂದವರು, ನಾನು ಹೋಗುವ ಹೊತ್ತಿಗೆ ಹದಿನೆಂಟು ವರ್ಷವಾಗಿತ್ತು. ಮಾತು ಕಡಿಮೆ. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಬೇರಿಂಗಿನ ಆಯಸ್ಸು ಹೇಳುತ್ತಿದ್ದರು. ಹುಡುಗರು ಅವರ ಹತ್ತಿರ ಹೋದರೆ ನಗುತ್ತಲೇ ಸ್ಪ್ಯಾನರ್ ತರಲು ಕಳಿಸುತ್ತಿದ್ದರು. ಹುಡುಗ ಸ್ಪ್ಯಾನರ್ ತರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಒಂದು ಸಂಜೆ ಕನ್ನಡಕ ಮರೆತೆನೆಂದು ಪಂಪುಮನೆಗೆ ವಾಪಸು ಹೋದೆ. ಹುಡುಗರು ಮಧ್ಯಾಹ್ನ ಕೂರಿಸಿದ್ದ ಮೋಟಾರಿನ ಬೋಲ್ಟುಗಳನ್ನು ಸಡಿಲಿಸಿ ಅವರು ಅದರ ಕಾಲುಗಳ ಕೆಳಗೆ ಏನನ್ನೋ ತೂರಿಸುತ್ತಿದ್ದರು. ಹಿತ್ತಾಳೆಯ ತಗಡಿನ ಚೂರುಗಳು. ಹತ್ತಿರ ಹೋಗಿ ಒಂದನ್ನು ಎತ್ತಿ ಅಳೆದೆ. ಕಾಲು ಮಿಲಿಮೀಟರ್.

ಆಗ ನನ್ನ ತಲೆಗೆ ಹೊಳೆಯಿತು. ಕಾದ ಎಣ್ಣೆ ಒಳಗೆ ಬಂದಾಗ ಪಂಪಿನ ಮೈ ಹಿಗ್ಗುತ್ತದೆ, ಒಲೆಯ ಮೇಲಿನ ಪಾತ್ರೆಯ ಹಾಗೆ. ಹಿಗ್ಗಿದ ಪಂಪು ಮೇಲೇಳುತ್ತದೆ, ತಣ್ಣಗಿರುವ ಮೋಟಾರು ಕೆಳಗೇ ಉಳಿಯುತ್ತದೆ. ತಣ್ಣಗಿದ್ದಾಗ ಸರಿಯಾಗಿ ಕೂರಿಸಿದ್ದು ಬಿಸಿಯಾದಾಗ ತಪ್ಪಾಗುತ್ತದೆ. ಆದ್ದರಿಂದ ತಣ್ಣಗಿರುವಾಗಲೇ ಬೇಕೆಂದು ಅಷ್ಟು ತಪ್ಪಾಗಿ ಕೂರಿಸಬೇಕು. ಈ ಸಂಗತಿ ಪುಸ್ತಕದಲ್ಲಿ ಇದೆ, ನನಗೆ ನೆನಪಿರಬೇಕಿತ್ತು. ಯಂತ್ರೋಪಕರಣ ಕಾರ್ಖಾನೆಯಿಂದ ಹೋದ ನನಗೆ ಬಿಸಿ ಎಣ್ಣೆಯ ಪಂಪು ಹೊಸದು, ಮರೆತಿದ್ದೆ. ಆದರೆ ಆ ಪಂಪಿಗೆ ಆ ಬಿಸಿಗೆ ಎಷ್ಟು ಎಂಬ ಅಂಕಿ ಅಲ್ಲಿಯ ಯಾವ ಕಾಗದದಲ್ಲೂ ಇರಲಿಲ್ಲ. ಕಪ್ಲಿಂಗ್ ಮೇಲೆ ಕಪ್ಲಿಂಗ್ ಮುರಿದು, ರಾತ್ರಿ ನಿದ್ದೆಗೆಟ್ಟು ಅವರು ಕಂಡುಕೊಂಡ ಅಂಕಿ ಅದು.

‘ಹುಡುಗರಿಗೆ ಇದನ್ನು ಯಾಕೆ ಹೇಳಲಿಲ್ಲ?’ ಎಂದು ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ.

ಅವರು ಕೈ ಒರೆಸಿಕೊಂಡರು. ‘ಸರ್, ನೀವು ಮೇಷ್ಟ್ರು. ಎರಡು ವರ್ಷಕ್ಕೆ ಬಂದವರು. ಆ ತಗಡು ಉಂಟಲ್ಲ, ಅದೇ ನನ್ನ ಮನೆ. ಅದರ ಮೇಲೆಯೇ ನನ್ನ ಮಗನ ಕಾಲೇಜು ನಿಂತದ್ದು. ಅದನ್ನು ಹೇಳಿಕೊಟ್ಟ ಮರುದಿನ ನಾನು ಇಲ್ಲಿ ಯಾಕೆ ಬೇಕು?’ ಎಂದರು.

ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂದು ನಾವು ಮೇಷ್ಟ್ರುಗಳು ಹೇಳುತ್ತೇವೆ. ಹೌದು, ಹೆಚ್ಚುತ್ತದೆ. ಆದರೆ ಆ ವಿದ್ಯೆಯೊಂದನ್ನೇ ನಂಬಿ ಹೊಟ್ಟೆ ಹೊರೆಯುವವನಿಗೆ ಕೊಟ್ಟ ಮೇಲೆ ಏನು ಉಳಿಯುತ್ತದೆ ಎಂದು ನಾನು ಆವರೆಗೆ ಯೋಚಿಸಿರಲಿಲ್ಲ. ಸಂಬಳ ಪಡೆದು ಗುಟ್ಟು ಬಿಟ್ಟುಕೊಡುವ ಕೆಲಸ ನನ್ನದು. ಅದೇ ಕೆಲಸವನ್ನು ಪುಕ್ಕಟೆ ಮಾಡಿ, ಮೇಲೆ ಕೆಲಸವನ್ನೂ ಕಳೆದುಕೊಳ್ಳಿ ಎಂದು ನಾನು ಅವರಿಗೆ ಹೇಳುತ್ತಿದ್ದೆ.

ಮರುದಿನ ಮ್ಯಾನೇಜರ್ ಹತ್ತಿರ ಹೋದೆ. ಈ ಫಿಟ್ಟರನ್ನು ಸಹಾಯಕ ತರಬೇತುದಾರ ಎಂದು ಮಾಡಿ, ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಿ, ನನಗೆ ಬಾರದ್ದು ಅವರಿಗೆ ಬರುತ್ತದೆ ಎಂದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ. ‘ಖಂಡಿತ ಮಾಡೋಣ, ನಾನಿದ್ದೇನಲ್ಲ’ ಎಂದರು. ಆ ಮಾತನ್ನು ಹೊತ್ತುಕೊಂಡು ಹೋಗಿ ಫಿಟ್ಟರ್ ಮುಂದೆ ಇಟ್ಟೆ. ಅವರು ನನ್ನ ಮುಖ ನೋಡಿದರು. ‘ನೀವು ಹೇಳ್ತೀರಲ್ಲ, ಆಯ್ತು’ ಎಂದರು.

ಆಮೇಲೆ ಅವರು ಹೇಳಿಕೊಟ್ಟ ರೀತಿ ನೋಡಬೇಕಿತ್ತು. ನಾನು ಹದಿನೈದು ವರ್ಷ ಮೇಷ್ಟ್ರಾಗಿದ್ದವನು, ಅವರ ಮುಂದೆ ಏನೂ ಅಲ್ಲ. ಹುಡುಗನೊಬ್ಬನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಒಳ್ಳೆಯ ಬೇರಿಂಗಿನ ಸದ್ದು, ಕೆಟ್ಟ ಬೇರಿಂಗಿನ ಸದ್ದು ಅರ್ಧ ದಿನ ಕೇಳಿಸಿದರು. ತಗಡನ್ನು ಹಾಕಿ ಓಡಿಸಿ, ತೆಗೆದು ಓಡಿಸಿ, ಎರಡು ಸಲವೂ ಹುಡುಗರ ಅಂಗೈಯನ್ನು ಬೇರಿಂಗಿನ ಕವಚದ ಮೇಲೆ ಇಡಿಸಿದರು. ಸ್ವಾಹಿಲಿ ಮಾತಿನ ಹುಡುಗನೊಬ್ಬ ಇದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದ.

* * *

2007ರ ಜೂನ್ 6ರಂದು ಗೋನು ಚಂಡಮಾರುತ ಒಮಾನ್ ಕರಾವಳಿಗೆ ಬಡಿಯಿತು. ಅಂಥ ಬಿರುಗಾಳಿಯನ್ನು ಅಲ್ಲಿಯ ಹಿರಿಯರೂ ಕಂಡಿರಲಿಲ್ಲ. ಮಳೆಯೇ ಅಪರೂಪವಾದ ಊರಿನಲ್ಲಿ ಒಣ ಹಳ್ಳಗಳೆಲ್ಲ ಹೊಳೆಗಳಾಗಿ ಕಾರುಗಳನ್ನು ಎತ್ತಿಕೊಂಡು ಹೋದವು. ಸುಮಾರು ಐವತ್ತು ಜನ ಸತ್ತರು. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳು ನಿಂತು ಮಸ್ಕತ್‌ನಲ್ಲಿ ಕುಡಿಯುವ ನೀರಿಗೆ ಜನ ಪರದಾಡಿದರು. ನಮ್ಮ ಪಂಪುಮನೆಯಲ್ಲಿ ಎದೆಮಟ್ಟ ಕೆಸರುನೀರು.

ಫಿಟ್ಟರ್ ಆಗ ರಜೆಯ ಮೇಲೆ ಊರಿನಲ್ಲಿದ್ದರು. ಇದ್ದದ್ದು ನಾನು, ಇನ್ನಿಬ್ಬರು ಸಹಾಯಕರು ಮತ್ತು ಆ ಹುಡುಗರು. ‘ಕಲಿಯುವುದಿಲ್ಲ’ ಎನ್ನಿಸಿಕೊಂಡ ಹುಡುಗರು! ಕೆಲವರ ಮನೆಗಳಿಗೇ ನೀರು ನುಗ್ಗಿತ್ತು. ಆದರೂ ಮೂರನೆಯ ದಿನದಿಂದ ಒಬ್ಬೊಬ್ಬರಾಗಿ ಬಂದರು. ಒಂಬತ್ತು ಮೋಟಾರು ಬಿಚ್ಚಿ, ಕೆಸರು ತೊಳೆದು, ಸುರುಳಿಗಳನ್ನು ಬಿಸಿಗಾಳಿಯಲ್ಲಿ ಒಣಗಿಸಿ, ಮೆಗ್ಗರ್ ಹಿಡಿದು ಪರೀಕ್ಷಿಸಿ, ಬೇರಿಂಗ್ ಬದಲಿಸಿ ಹನ್ನೊಂದು ದಿನದಲ್ಲಿ ಎಲ್ಲವನ್ನೂ ಕೂರಿಸಿದರು. ಬಿಸಿ ಎಣ್ಣೆಯ ಪಂಪಿನ ಸರದಿ ಬಂದಾಗ ನಾನು ಬೇಕೆಂದೇ ದೂರ ನಿಂತೆ. ಆ ಹುಡುಗ ನೋಟುಬುಕ್ಕು ತೆರೆದ, ಹಿತ್ತಾಳೆ ತಗಡು ಕತ್ತರಿಸಿದ, ಮೋಟಾರಿನ ನಾಲ್ಕು ಕಾಲಿನ ಕೆಳಗೂ ಇಟ್ಟ. ಪಂಪು ಓಡಿತು.

ಜೂನ್ ಕೊನೆಗೆ ಫಿಟ್ಟರ್ ಬಂದರು. ನೇರ ಪಂಪುಮನೆಗೆ ಹೋಗಿ ಸ್ಕ್ರೂಡ್ರೈವರ್ ಕಿವಿಗೆ ಇಟ್ಟುಕೊಂಡರು. ಬಹಳ ಹೊತ್ತು ಕೇಳಿದರು. ‘ಸರಿ ಉಂಟು’ ಎಂದರು. ಹುಡುಗನ ಬೆನ್ನು ತಟ್ಟಿದರು. ಆಮೇಲೆ ಅವತ್ತೆಲ್ಲ ಮಾತಾಡಲಿಲ್ಲ.

ಕಂಪನಿಯವರಿಗೂ ‘ಸರಿ ಉಂಟು’ ಎಂಬುದು ಕಾಣಿಸಿತ್ತು. ಹಿರಿಯ ಫಿಟ್ಟರ್ ಇಲ್ಲದೆ ಕಾರ್ಖಾನೆ ಎದ್ದು ನಿಂತಿತು ಎಂದು ಮೇಲಿನವರಿಗೆ ವರದಿ ಹೋಯಿತು. ಆ ವರದಿಯ ಅರ್ಧವನ್ನು ಬರೆದವನು ನಾನೇ. ಹುಡುಗರನ್ನು ಹೊಗಳುವ ಉತ್ಸಾಹದಲ್ಲಿ ಬರೆದೆ, ಓದುವವರು ಅದನ್ನು ಹೇಗೆ ಓದುತ್ತಾರೆ ಎಂದು ಯೋಚಿಸಲಿಲ್ಲ. ಡಿಸೆಂಬರ್‌ನಲ್ಲಿ ಅವರ ಕರಾರು ಮುಗಿಯುವುದಿತ್ತು. ಮುಂದುವರಿಸುವುದಿಲ್ಲ ಎಂಬ ಕಾಗದ ಬಂತು. ನಾನು ಮ್ಯಾನೇಜರ್ ಕೋಣೆಗೆ ಓಡಿದೆ. ಅವರು ತಲೆ ತಗ್ಗಿಸಿ, ಪಟ್ಟಿ ಹೆಡ್ಡಾಫೀಸಿನಿಂದ ಬಂದದ್ದು, ನನ್ನ ಕೈಯಲ್ಲಿ ಏನಿದೆ ಎಂದರು. ನಿಜ, ಅವರ ಕೈಯಲ್ಲೂ ಏನೂ ಇರಲಿಲ್ಲ, ನನ್ನ ಕೈಯಲ್ಲೂ ಏನೂ ಇರಲಿಲ್ಲ. ಒಂದು ಸಾಲು ಬರೆಸಿಕೊಂಡಿದ್ದರೆ ಇರುತ್ತಿತ್ತು.

ಅದೇ ತಿಂಗಳು ನನಗೊಂದು ಪ್ರಶಂಸಾಪತ್ರ, ತಿಂಗಳಿಗೆ ನಲವತ್ತು ರಿಯಾಲ್ ಏರಿಕೆ. ಬೇಡ ಎನ್ನಲಿಲ್ಲ. ಮಗಳ ಫೀಸು ಕಟ್ಟಬೇಕಿತ್ತು. ಫಿಟ್ಟರ್ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಹೋಗಿ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವರು ಊರಿನ ತೆಂಗಿನ ತೋಟದ ವಿಷಯ ಮಾತಾಡಿದರು. ನಾನು ಹೂಂಗುಟ್ಟುತ್ತಾ ಗಾಡಿ ಓಡಿಸಿದೆ.

* * *

ನಾನು ಒಟ್ಟು ಐದು ವರ್ಷ ಇದ್ದೆ. ಎರಡು ವರ್ಷದ ಕರಾರು ಎರಡು ಸಲ ಬೆಳೆಯಿತು. 2010ರ ಜನಗಣತಿಯಲ್ಲಿ ಆ ದೇಶದ 27 ಲಕ್ಷ 73 ಸಾವಿರ ಜನರಲ್ಲಿ 8 ಲಕ್ಷ 16 ಸಾವಿರ ಮಂದಿ ನಮ್ಮಂಥ ಹೊರಗಿನವರು. 2011ರ ಫೆಬ್ರುವರಿಯಲ್ಲಿ ಸೊಹಾರ್ ಪಟ್ಟಣದಲ್ಲಿ ಯುವಕರು ಕೆಲಸ ಕೊಡಿ ಎಂದು ಬೀದಿಗಿಳಿದಾಗ ಸುಲ್ತಾನರು ಐವತ್ತು ಸಾವಿರ ಉದ್ಯೋಗಗಳನ್ನು ಘೋಷಿಸಿದರು. ಆ ಹುಡುಗರ ಹಸಿವೂ ಸುಳ್ಳಲ್ಲ, ನಮ್ಮ ಫಿಟ್ಟರ್ ಹಸಿವೂ ಸುಳ್ಳಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಾನು ನನ್ನ ಮೇಜಿನ ಬೀಗದ ಕೈಯನ್ನು ಆ ನೋಟುಬುಕ್ಕಿನ ಹುಡುಗನಿಗೆ ಕೊಟ್ಟು ಬಂದೆ. ಅವನು ಈಗ ಅಲ್ಲಿಯ ತರಬೇತುದಾರ. ನನ್ನ ಕೆಲಸ ಪೂರ್ತಿಯಾಯಿತು ಎನ್ನಬೇಕು.

2014ರಲ್ಲಿ ಮದುವೆಯೊಂದಕ್ಕೆ ಕುಂದಾಪುರಕ್ಕೆ ಹೋದವನು ಫಿಟ್ಟರ್ ಮನೆ ಹುಡುಕಿಕೊಂಡು ಹೋದೆ. ಮನೆಯ ಪಕ್ಕದ ಶೆಡ್ಡಿನಲ್ಲಿ ಪಂಪು ರಿಪೇರಿ ಇಟ್ಟುಕೊಂಡಿದ್ದರು. ಇಬ್ಬರು ಹುಡುಗರು ಕೈಕೆಳಗೆ ಕಲಿಯುತ್ತಿದ್ದರು. ಬೊಂಡ ಕೆತ್ತಿ ಕೊಟ್ಟರು. ನಾನು ಏಳು ವರ್ಷದಿಂದ ಇಟ್ಟುಕೊಂಡಿದ್ದ ಮಾತನ್ನು ಹೇಗೋ ಹೊರಹಾಕಿದೆ. ಅವರು ನಕ್ಕರು. ‘ಹೇಳಿಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ ಮಾರಾಯ್ರೇ. ಆ ಹುಡುಗ ಈಗಲೂ ಈದ್ ದಿನ ಫೋನ್ ಮಾಡ್ತಾನೆ. ನೀವು ಒಂದು ಕಾಗದ ಮಾಡಿಸಲಿಲ್ಲವಲ್ಲ, ಅದಕ್ಕೆ ಸ್ವಲ್ಪ ಬೇಜಾರು’ ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

* * *

ಈಗ ತುಮಕೂರಿನ ಓದುಗರ ಪ್ರಶ್ನೆಗೆ ಬರುತ್ತೇನೆ.

ಮೊದಲು ಹಣದ ವಿಷಯ. ಅಲ್ಲಿ ನಿಮಗೆ ಪಿಂಚಣಿ ಇಲ್ಲ, ಕೊನೆಗೆ ಸಿಗುವುದು ಗ್ರಾಚ್ಯುಟಿ. ನಾನಿದ್ದಾಗ 2003ರ ಕಾನೂನಿನಂತೆ ಮೊದಲ ಮೂರು ವರ್ಷಕ್ಕೆ ವರ್ಷಕ್ಕೆ ಹದಿನೈದು ದಿನದ, ಆಮೇಲೆ ವರ್ಷಕ್ಕೆ ಒಂದು ತಿಂಗಳ ಮೂಲವೇತನ. ಐದು ವರ್ಷಕ್ಕೆ ನನಗೆ ಬಂದದ್ದು ಮೂರೂವರೆ ತಿಂಗಳದು. 2023ರ ಹೊಸ ಕಾರ್ಮಿಕ ಕಾನೂನು ವರ್ಷಕ್ಕೆ ಒಂದು ತಿಂಗಳು ಎಂದು ಮಾಡಿದೆ. ಲೆಕ್ಕ ಯಾವಾಗಲೂ ಮೂಲವೇತನದ ಮೇಲೆ. ಒಟ್ಟು ಸಂಬಳ ನೋಡಿ ಹಿಗ್ಗಬೇಡಿ, ಅದರಲ್ಲಿ ಮೂಲವೇತನ ಎಷ್ಟು, ಭತ್ಯೆ ಎಷ್ಟು ಎಂದು ಬಿಡಿಸಿ ಕೇಳಿ. ಹಿಂದೆ ಖಾಸಗಿ ಕ್ಷೇತ್ರದಲ್ಲಿ 60 ದಾಟಿದ ಹೊರದೇಶದವರಿಗೆ ಇದ್ದ ತಡೆಯನ್ನು 2022ರಲ್ಲಿ ತೆಗೆದರು. ಹಳೆಯ ಕಂಪನಿಯ ಒಪ್ಪಿಗೆ ಪತ್ರವಿಲ್ಲದೆ ಇನ್ನೊಂದು ಕಂಪನಿಗೆ ಸೇರುವಂತಿಲ್ಲ ಎಂಬ ನಿಯಮವೂ 2021ರ ಜನವರಿಯಿಂದ ಹೋಗಿದೆ. ಅಷ್ಟರಮಟ್ಟಿಗೆ ನೀವು ನನಗಿಂತ ಅದೃಷ್ಟವಂತರು.

ಎರಡನೆಯದು, ಕಾಗದಪತ್ರ. ಡಿಪ್ಲೊಮಾ ಸರ್ಟಿಫಿಕೇಟುಗಳಿಗೆ ನಮ್ಮ ವಿದೇಶಾಂಗ ಇಲಾಖೆಯ ಮುದ್ರೆ ಬೀಳಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಇಲ್ಲಿಯ ಉಳಿತಾಯ ಖಾತೆಯನ್ನು ಅನಿವಾಸಿಯ ಖಾತೆಯಾಗಿ ಬದಲಿಸಿಕೊಳ್ಳಬೇಕು. ಆಸ್ಪತ್ರೆ ವಿಮೆ ನಿಮಗೆ ಮಾತ್ರವೋ ಹೆಂಡತಿಗೂ ಉಂಟೋ ಕೇಳಿ. 55ರ ನಂತರ ಅದು ಸಂಬಳದಷ್ಟೇ ಮುಖ್ಯ. ನನ್ನ ತಾಯಿ 2009ರಲ್ಲಿ ತೀರಿಕೊಂಡಾಗ ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತುರ್ತು ರಜೆ, ತುರ್ತು ಟಿಕೆಟ್ ಎಂಬ ಎರಡು ಪದ ಕರಾರಿನಲ್ಲಿ ಇವೆಯೇ ನೋಡಿಕೊಳ್ಳಿ.

ಮೂರನೆಯದು ಯಾರೂ ನಿಮಗೆ ಹೇಳದಿರುವ ಸಂಗತಿ. ನೀವು ಕಲಿಸಲು ಹೋಗುವ ವಿದ್ಯೆಯಲ್ಲಿ ಅರ್ಧ ನಿಮ್ಮದಲ್ಲ. ಅದು ಆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದ ಯಾರದೋ ಕೈಯಲ್ಲಿ, ಕಿವಿಯಲ್ಲಿ ಇರುತ್ತದೆ. ಅವನಿಂದ ಅದನ್ನು ಹೊರತೆಗೆದು ಹುಡುಗರಿಗೆ ಕೊಡಬೇಕು. ಕೊಡಲೇಬೇಕು, ಅದು ಆ ಹುಡುಗರ ದೇಶ, ಅವರ ಹಕ್ಕು. ಆದರೆ ಅವನನ್ನು ಕೇಳುವ ಮೊದಲು ಅವನಿಗೆ ಏನು ಸಿಗುತ್ತದೆ ಎಂಬುದನ್ನು ಕಂಪನಿಯಿಂದ ಬರೆಸಿಕೊಳ್ಳಿ. ಎರಡು ವರ್ಷವೋ ಮೂರು ವರ್ಷವೋ, ಇಷ್ಟು ಹಣವೋ, ಏನಾದರೂ ಸರಿ, ಸಹಿ ಮುದ್ರೆ ಹಾಕಿಸಿಕೊಳ್ಳಿ. ಕೆಲಸ ಇನ್ನೂ ಬಾಕಿ ಇರುವಾಗ, ಅವರಿಗೆ ನಿಮ್ಮಿಂದ ಆಗಬೇಕಾದ್ದು ಇರುವಾಗ ಕೇಳಿದರೆ ಬರೆದುಕೊಡುತ್ತಾರೆ. ಪಂಪು ಓಡತೊಡಗಿದ ಮೇಲೆ ಯಾರೂ ಬರೆದುಕೊಡುವುದಿಲ್ಲ.

ಇಷ್ಟು ಮಾಡುವ ಧೈರ್ಯ ಉಂಟಾದರೆ ಹೋಗಿ ಬನ್ನಿ ಸ್ವಾಮಿ. ನಿವೃತ್ತಿಗೆ ಮುಂಚೆ ಒಂದು ಸಲ ಹೊಸ ಹುಡುಗರ ಮುಂದೆ ನಿಂತು ಕಲಿಸುವುದು, ಕಲಿತವನ ಕೈಗೆ ಬೀಗದ ಕೈ ಕೊಟ್ಟು ಬರುವುದು ಸಣ್ಣ ಭಾಗ್ಯವಲ್ಲ. ನನ್ನ ಮೇಜಿನ ಮೇಲೆ ಇವತ್ತಿಗೂ ಕಾಗದ ಹಾರದಂತೆ ಇಡುವ ಕಬ್ಬಿಣದ ತುಂಡಿನ ಕೆಳಗೆ ಒಂದು ಹಿತ್ತಾಳೆ ತಗಡು ಇದೆ. ಕುಂದಾಪುರದ ಶೆಡ್ಡಿನಿಂದ ಹೊರಡುವಾಗ ಅವರೇ ಕೊಟ್ಟದ್ದು. ಮನೆಗೆ ಬಂದು ಅಳೆದೆ. ಕಾಲು ಮಿಲಿಮೀಟರ್.